ಕತ್ತಲ ಮೋಡಗಳಲ್ಲಿ ಮಹಾತಾರೆಗಳ ಜನನ

ಹುಟ್ಟುಸಾವುಗಳು ಭೂಲೋಕಕ್ಕೆ ಮಾತ್ರ ಸೇರಿದುವು, ನಕ್ಷತ್ರಗಳಿಗೆ ಅವು ಇಲ್ಲ ಎಂದು ಮನುಷ್ಯನು ಬಹುಕಾಲ ನಂಬಿಕೊಂಡಿದ್ದನು. ಮದುವೆಯ ದಿನ ವಧೂವರರಿಗೆ ಧ್ರುವನನ್ನೂ ಅರುಂಧತಿಯನ್ನೂ ತೋರಿಸಿ ಸ್ಥಿರವಾದ ಬಾಳನ್ನು ಹಾರೈಸುವ ಪದ್ಧತಿ ಇಂದಿಗೂ ನಮ್ಮಲ್ಲಿದೆ. ಆದರೆ ನಕ್ಷತ್ರಗಳೂ ಹುಟ್ಟುತ್ತವೆ, ಬೆಳಗುತ್ತವೆ, ಕಡೆಗೆ ಅಳಿಯುತ್ತವೆ ಎಂಬುದು ಈಗ ನಿರ್ವಿವಾದವಾದ ಸಂಗತಿ. ಸೂರ್ಯನಂಥ ಸಾಧಾರಣ ನಕ್ಷತ್ರಗಳು ಹೇಗೆ ಹುಟ್ಟುತ್ತವೆ ಎಂಬುದನ್ನು ವಿಜ್ಞಾನಿಗಳು ತಕ್ಕಮಟ್ಟಿಗೆ ತಿಳಿದುಕೊಂಡಿದ್ದಾರೆ. ಅದಕ್ಕಿಂತ ಬಹುಪಾಲು ದೊಡ್ಡವಾದ ನಕ್ಷತ್ರಗಳ ಜನನದ ವಿಷಯವಾದರೋ ಇನ್ನೂ ವಾದದಲ್ಲಿಯೇ ಇದೆ. ಆ ವಾದ ಯಾವುದು, ಅದು ಏಕೆ ಸುಲಭವಾಗಿ ಮುಗಿಯುವಂತಿಲ್ಲ ಎಂಬುದನ್ನು ನನಗೆ ತಿಳಿದ ಮಟ್ಟಿಗೆ ವಿವರಿಸುವುದು ಈ ಲೇಖನದ ಉದ್ದೇಶ.

ಕಲಾ ಕಾಲೇಜಿನ ಸಂಚಿಕೆಯಲ್ಲಿ ಇಂಥ ವಿಷಯವೇಕೆ ಎಂದು ಕೆಲವು ಮಿತ್ರರು ಕೇಳಬಹುದು. ನಾವು ಕುಡಿಯುವ ನೀರನ್ನು ತೂಕ ಮಾಡಿದರೆ ಅದರ ಒಂಬತ್ತು ಪಾಲಿನಲ್ಲಿ ಎಂಟು ಪಾಲು ಆಮ್ಲಜನಕ. ಆ ಆಮ್ಲಜನಕದ ಬಹುಭಾಗವು ಸೂರ್ಯನು ಹುಟ್ಟುವುದಕ್ಕಿಂತ ಮೊದಲೇ ಯಾವುವೋ ದೊಡ್ಡ ನಕ್ಷತ್ರಗಳ ಒಡಲಿನಲ್ಲಿ ತಯಾರಾಗಿ, ಅವು ಸಿಡಿದಾಗ ಹೊರಕ್ಕೆ ಚೆಲ್ಲಿದುದು. ಆದುದರಿಂದ ದೊಡ್ಡ ನಕ್ಷತ್ರದ ಹುಟ್ಟನ್ನು ಕೇಳುವವನು ತನ್ನ ಮನೆಯ ಬಿಂದಿಗೆಯ ನೀರಿನ ಪೂರ್ವವೃತ್ತಾಂತವನ್ನೇ ಕೇಳುತ್ತಿದ್ದಾನೆ. ಈ ಪ್ರಶ್ನೆ ವಿಜ್ಞಾನದ ವಿದ್ಯಾರ್ಥಿಗಳಿಗೆ ಮಾತ್ರ ಮೀಸಲಾದುದಲ್ಲ.

ದೊಡ್ಡ ತಾರೆ ಎಂದರೇನು?

ಸೂರ್ಯನ ದ್ರವ್ಯರಾಶಿಗಿಂತ ಸುಮಾರು 8 ಪಾಲು ಅಥವಾ ಅದಕ್ಕೂ ಮಿಗಿಲಾದ ದ್ರವ್ಯರಾಶಿಯುಳ್ಳ ನಕ್ಷತ್ರಗಳನ್ನು ದೊಡ್ಡ ತಾರೆಗಳೆಂದು ಕರೆಯುತ್ತಾರೆ. ಇವುಗಳ ಸ್ವಭಾವ ದುಂದುಗಾರರ ಸ್ವಭಾವ. ಆಸ್ತಿ ದೊಡ್ಡದು, ಖರ್ಚು ಅದಕ್ಕಿಂತಲೂ ದೊಡ್ಡದು. ಸೂರ್ಯನು ತನ್ನ ಜಲಜನಕವನ್ನು ಮಿತವಾಗಿ ಉರಿಸುತ್ತ ಸುಮಾರು 1000 ಕೋಟಿ ವರ್ಷ ಬಾಳತಕ್ಕವನು. ಸೂರ್ಯನ 25 ಪಾಲು ಇರುವ ನಕ್ಷತ್ರವಾದರೋ ಎಪ್ಪತ್ತು ಲಕ್ಷ ವರ್ಷಗಳ ಆಸುಪಾಸಿನಲ್ಲಿಯೇ ತನ್ನ ಬಾಳನ್ನು ಮುಗಿಸಿಬಿಡುತ್ತದೆ. ಹುಟ್ಟುವ ನಕ್ಷತ್ರಗಳಲ್ಲಿ ಇಂಥವುಗಳ ಸಂಖ್ಯೆ ನೂರಕ್ಕೊಂದಕ್ಕಿಂತಲೂ ಕಡಿಮೆ. ಆದರೂ ಒಂದು ನಕ್ಷತ್ರಗುಚ್ಛದ ಬೆಳಕಿನ ಹೆಚ್ಚಿನ ಭಾಗ ಈ ಕೆಲವರಿಂದಲೇ ಬರುತ್ತದೆ. ಸುತ್ತಲಿನ ಅನಿಲವನ್ನು ಕಾಯಿಸುವವರೂ ಚದುರಿಸುವವರೂ ಇವರೇ.

ಈ ಗುಣಗಳೇ ಇವುಗಳ ಅಭ್ಯಾಸಕ್ಕೆ ಅಡ್ಡಿಯೂ ಆಗಿವೆ. ಸಂಖ್ಯೆಯಲ್ಲಿ ವಿರಳವಾದುದರಿಂದ ಇವುಗಳ ಜನ್ಮಸ್ಥಾನಗಳು ಸಾಮಾನ್ಯವಾಗಿ ನಮ್ಮಿಂದ ಸಾವಿರಾರು ಜ್ಯೋತಿರ್ವರ್ಷಗಳ ದೂರದಲ್ಲಿವೆ. ಬೆಳವಣಿಗೆ ಶೀಘ್ರವಾದುದರಿಂದ ಶೈಶವದಲ್ಲಿರುವ ಒಂದನ್ನು ಹಿಡಿದು ನೋಡುವ ಅವಕಾಶ ಕಡಿಮೆ. ಒಂಟಿಯಾಗಿ ಹುಟ್ಟುವುದು ಅಪರೂಪ, ನೂರಾರು ಸಣ್ಣ ತಾರೆಗಳ ಗುಂಪಿನಲ್ಲಿ ಹುಟ್ಟುತ್ತವೆ. ಎಲ್ಲಕ್ಕಿಂತ ಮಿಗಿಲಾಗಿ, ಹುಟ್ಟಿ ಬೆಳೆಯುವಷ್ಟು ಕಾಲವೂ ದಟ್ಟವಾದ ಕತ್ತಲೆಯ ತೆರೆಯ ಹಿಂದೆಯೇ ಇರುತ್ತವೆ.

ಮೋಡದ ಸ್ವರೂಪ

ಆ ತೆರೆಯೇ ಅಣುಮೋಡ. ಆಕಾಶಗಂಗೆಯನ್ನು ದೂರದರ್ಶಕದಿಂದ ನೋಡಿದರೆ ಅಲ್ಲಲ್ಲಿ ಚುಕ್ಕೆಗಳೇ ಇಲ್ಲದ ಕರಿಯ ತೇಪೆಗಳು ಕಾಣುತ್ತವೆ. 18ನೆಯ ಶತಮಾನದಲ್ಲಿ ವಿಲಿಯಂ ಹರ್ಷೆಲ್ ಇವುಗಳನ್ನು ನೋಡಿ ಆಕಾಶದಲ್ಲಿ ರಂಧ್ರವಿದ್ದಂತೆ ಭಾವಿಸಿದನು. ಮುಂದೆ ಅಮೆರಿಕದ ಬರ್ನಾರ್ಡ್ ಎಂಬ ವಿದ್ವಾಂಸನು ಇವುಗಳ ಛಾಯಾಚಿತ್ರಗಳನ್ನು ಶ್ರಮಪಟ್ಟು ತೆಗೆದು, 1919ರಲ್ಲಿ 180ಕ್ಕೂ ಹೆಚ್ಚು ಕರಿಯ ತೇಪೆಗಳ ಪಟ್ಟಿಯನ್ನು ಪ್ರಕಟಿಸಿದನು. ಅವು ರಂಧ್ರಗಳಲ್ಲ, ಹಿಂದಿನ ನಕ್ಷತ್ರಗಳ ಬೆಳಕನ್ನು ಮರೆಮಾಡುವ ಧೂಳಿನ ಮೋಡಗಳು ಎಂಬುದು ಕ್ರಮೇಣ ಸ್ಪಷ್ಟವಾಯಿತು.

ಮೋಡ ಎಂದೊಡನೆ ಮುಂಗಾರಿನ ಮೋಡವನ್ನು ನೆನೆಯಬಾರದು. ಇದರ ತೂಕದಲ್ಲಿ ನೂರಕ್ಕೆ ಒಂದು ಪಾಲು ಮಾತ್ರ ಧೂಳು, ಉಳಿದುದು ಅನಿಲ. ಆ ಅನಿಲದಲ್ಲಿ ಜಲಜನಕದ್ದೇ ಸಿಂಹಪಾಲು, ಅದೂ ಎರಡೆರಡು ಪರಮಾಣುಗಳು ಕೂಡಿ ಅಣುವಾಗಿರುವ ಜಲಜನಕ. ಅಣುಮೋಡ ಎಂಬ ಹೆಸರು ಬಂದುದು ಇದರಿಂದಲೇ. ಧೂಳಿನ ಕಣಗಳು ಒಂದು ಮಿಲಿಮೀಟರಿನ ಸಾವಿರದಲ್ಲೊಂದು ಭಾಗಕ್ಕಿಂತಲೂ ಸಾಮಾನ್ಯವಾಗಿ ಚಿಕ್ಕವು. ಆದರೂ ಇವು ಮಾಡುವ ಉಪಕಾರ ದೊಡ್ಡದು. ಜಲಜನಕದ ಪರಮಾಣುಗಳು ಇವುಗಳ ಮೇಲೆ ಬಂದು ಕುಳಿತು ಜೋಡಿಯಾಗುತ್ತವೆ. ಹೊರಗಿನ ನಕ್ಷತ್ರಗಳ ತೀಕ್ಷ್ಣವಾದ ಅತಿನೇರಳೆ ಕಿರಣಗಳು ಒಳಹೊಕ್ಕು ಆ ಜೋಡಿಯನ್ನು ಒಡೆಯದಂತೆ ಕಾಯುವುದರಲ್ಲೂ ಧೂಳಿನ ಪಾಲಿದೆ.

ನಕ್ಷತ್ರ ಹುಟ್ಟುವ ದಟ್ಟವಾದ ಭಾಗಗಳಲ್ಲಿ ಒಂದು ಘನ ಸೆಂಟಿಮೀಟರಿಗೆ ಹತ್ತು ಸಾವಿರದಿಂದ ಹತ್ತು ಲಕ್ಷದವರೆಗೆ ಅಣುಗಳಿರುತ್ತವೆ. ನಾವು ಉಸಿರಾಡುವ ಗಾಳಿಯ ಅಷ್ಟೇ ಜಾಗದಲ್ಲಿರುವ ಅಣುಗಳನ್ನು ಬರೆಯಬೇಕಾದರೆ 25ರ ಮುಂದೆ ಹದಿನೆಂಟು ಸೊನ್ನೆಗಳನ್ನು ಇಡಬೇಕು! ಹೀಗಿರುವಲ್ಲಿ ಈ ಮೋಡವನ್ನು ದಟ್ಟವೆಂದು ಹೇಗೆ ಕರೆಯುವುದು? ಉತ್ತರವಿಷ್ಟೇ: ಮೋಡದ ಅಗಲ ಅನೇಕ ಜ್ಯೋತಿರ್ವರ್ಷಗಳು. ಅಷ್ಟು ದೂರದ ಹಾದಿಯಲ್ಲಿ ವಿರಳವಾದ ಧೂಳೂ ಕಲ್ಲುಗೋಡೆಯಷ್ಟು ಬೆಳಕನ್ನು ತಡೆಯಬಲ್ಲದು. ಬೆಳಕು ಒಳಗೆ ಬಾರದುದರಿಂದ ಅಲ್ಲಿ ವಿಪರೀತವಾದ ಚಳಿ. ಉಷ್ಣತೆ ಸೆಂಟಿಗ್ರೇಡ್ ಮಾನದಲ್ಲಿ ಸೊನ್ನೆಗಿಂತ 250 ಡಿಗ್ರಿಗಿಂತಲೂ ಕೆಳಗೆ. ಜಗತ್ತಿನ ಅತ್ಯಂತ ಬಿಸಿಯಾದ ನಕ್ಷತ್ರಗಳ ತೊಟ್ಟಿಲು ಅತ್ಯಂತ ತಣ್ಣಗಿನ ಜಾಗಗಳಲ್ಲಿ ಒಂದು ಎಂಬುದು ನೋಡುವುದಕ್ಕೆ ವಿರೋಧವಾಗಿ ತೋರಿದರೂ ಅದರಲ್ಲಿ ವಿರೋಧವಿಲ್ಲ. ಅನಿಲವು ಬಿಸಿಯಾಗಿದ್ದರೆ ಹಿಗ್ಗುತ್ತದೆ. ತಣ್ಣಗಿದ್ದರೆ ಮಾತ್ರ ತನ್ನ ಗುರುತ್ವಾಕರ್ಷಣಕ್ಕೆ ಮಣಿದು ಕುಗ್ಗುತ್ತದೆ.

ಕಾಣದುದನ್ನು ಕಾಣುವ ಉಪಾಯ

ಇಂಥ ಮೋಡದ ಒಳಗನ್ನು ನೋಡುವುದು ಹೇಗೆ? ಬೆಳಕಿಗೆ ಎಡೆಯಿಲ್ಲ. ಜಲಜನಕದ ಅಣುವನ್ನೇ ಕೇಳೋಣವೆಂದರೆ ಆ ಚಳಿಯಲ್ಲಿ ಅದು ಮೌನವ್ರತವನ್ನು ಹಿಡಿದು ಯಾವ ಅಲೆಯನ್ನೂ ಹೊರಸೂಸದೆ ಇರುತ್ತದೆ. ಈ ತೊಡಕಿಗೆ ಪರಿಹಾರ ದೊರೆತುದು ರೇಡಿಯೋ ದೂರದರ್ಶಕದಿಂದ. 1970ರಲ್ಲಿ ವಿಲ್ಸನ್, ಜೆಫರ್ಟ್ಸ್, ಪೆನ್ಜಿಯಾಸ್ ಎಂಬ ಮೂವರು ಅಮೆರಿಕದ ಕಿಟ್ ಪೀಕ್ ಎಂಬಲ್ಲಿದ್ದ 36 ಅಡಿಯ ದೂರದರ್ಶಕದಿಂದ ಮಹಾವ್ಯಾಧ ನೀಹಾರಿಕೆಯತ್ತ ನೋಡಿ, ಇಂಗಾಲದ ಮಾನಾಕ್ಸೈಡಿನ ಅಲೆಯನ್ನು ಕಂಡುಹಿಡಿದರು. ಅದರ ಉದ್ದ 2.6 ಮಿಲಿಮೀಟರ್. ಸುಮಾರು ಹತ್ತು ಸಾವಿರ ಜಲಜನಕದ ಅಣುಗಳಿಗೆ ಈ ಅಣು ಒಂದರಂತೆ ಇರುತ್ತದೆ. ಸಂತೆಯ ಗದ್ದಲವನ್ನು ದೂರದಿಂದ ಕೇಳಿ ಸಂತೆಯ ಗಾತ್ರವನ್ನು ಅಂದಾಜು ಮಾಡುವಂತೆ, ಈ ಕೆಲವರ ಕೂಗಿನಿಂದ ಆ ಬಹುಮಂದಿ ಮೌನಿಗಳನ್ನು ಎಣಿಸಬಹುದು.

ಇದಕ್ಕೆ ಎರಡು ವರ್ಷ ಮೊದಲು, 1968ರಲ್ಲಿ, ಟೌನ್ಸ್ ಮತ್ತು ಅವನ ಸಂಗಡಿಗರು ಅಂತರಿಕ್ಷದಲ್ಲಿ ಅಮೋನಿಯವನ್ನು ಕಂಡಿದ್ದರು. ಅಮೋನಿಯದ ಬೇರೆ ಬೇರೆ ಅಲೆಗಳ ಬಲವನ್ನು ಹೋಲಿಸಿ ನೋಡಿದರೆ ಅನಿಲದ ಉಷ್ಣತೆ ಗೊತ್ತಾಗುತ್ತದೆ. ವೈದ್ಯನಿಗೆ ಜ್ವರಮಾಪಕ ಹೇಗೋ ಮೋಡವನ್ನು ಪರೀಕ್ಷಿಸುವವನಿಗೆ ಅಮೋನಿಯ ಹಾಗೆ. ಅಲೆಯು ಇರತಕ್ಕ ಜಾಗದಿಂದ ಎಷ್ಟು ಸರಿದಿದೆ ಎಂಬುದರಿಂದ ಅನಿಲವು ನಮ್ಮ ಕಡೆಗೆ ಬರುತ್ತಿದೆಯೋ ದೂರ ಹೋಗುತ್ತಿದೆಯೋ ತಿಳಿಯುತ್ತದೆ. ಧೂಳು ಕೂಡ ತನ್ನ ಅಲ್ಪವಾದ ಬಿಸಿಯಿಂದಲೇ ದೀರ್ಘವಾದ ಅವಕೆಂಪು ಅಲೆಗಳನ್ನು ಹೊರಸೂಸುತ್ತದೆ, ಅದನ್ನು ಅಳೆದು ಮೋಡದ ತೂಕವನ್ನು ಲೆಕ್ಕ ಹಾಕುತ್ತಾರೆ. ಇನ್ನು ಮೆಥನಾಲಿನ ಒಂದು ವಿಶೇಷವಾದ ರೇಡಿಯೋ ಅಲೆ ಇದೆ. 1991ರಲ್ಲಿ ಕಂಡುಬಂದ ಈ ಅಲೆಯು ದೊಡ್ಡ ಶಿಶುತಾರೆಗಳ ಸಮೀಪದಲ್ಲಿ ಮಾತ್ರ ಅತಿ ತೀವ್ರವಾಗಿ ಹೊರಡುತ್ತದೆ. ಎಲ್ಲಿ ಆ ಅಲೆಯುಂಟೋ ಅಲ್ಲಿ ದೊಡ್ಡ ನಕ್ಷತ್ರವೊಂದು ಬೆಳೆಯುತ್ತಿದೆ ಎಂದು ಊಹಿಸಬಹುದು.

ಮಹಾವ್ಯಾಧನ ಕತ್ತಿಯಲ್ಲಿ

ಈ ಮಾತುಗಳಿಗೆ ದೃಷ್ಟಾಂತವನ್ನು ಬರಿಗಣ್ಣಿನಿಂದಲೇ ತೋರಿಸಬಹುದಾದುದು ನಮ್ಮ ಭಾಗ್ಯ. ಸಂಕ್ರಾಂತಿಯ ಹೊತ್ತಿನಲ್ಲಿ ರಾತ್ರಿ ಎಂಟು ಗಂಟೆಗೆ ಪೂರ್ವದ ಕಡೆ ತಲೆಯೆತ್ತಿ ನೋಡಿದರೆ ಒಂದೇ ಸಾಲಿನಲ್ಲಿ ಮೂರು ಚುಕ್ಕೆಗಳು ಕಾಣುತ್ತವೆ. ಅದು ಪಾಶ್ಚಾತ್ಯರು ಓರಿಯನ್ ಎಂದೂ ನಾವು ಮಹಾವ್ಯಾಧ ಎಂದೂ ಕರೆಯುವ ಬೇಟೆಗಾರನ ನಡುಪಟ್ಟಿ. ಪಟ್ಟಿಯಿಂದ ದಕ್ಷಿಣಕ್ಕೆ ಕತ್ತಿಯಂತೆ ಇಳಿದಿರುವ ಮಂಕಾದ ಚುಕ್ಕೆಗಳಲ್ಲಿ ನಡುವಿನದು ಸ್ವಲ್ಪ ಮಸುಕಾಗಿ ತೋರುತ್ತದೆ. ಅದು ಚುಕ್ಕೆಯಲ್ಲ, ಮಹಾವ್ಯಾಧ ನೀಹಾರಿಕೆ. ದೂರ ಸುಮಾರು 1350 ಜ್ಯೋತಿರ್ವರ್ಷ. ಈಗ ನಮ್ಮ ಕಣ್ಣಿಗೆ ಬೀಳುವ ಆ ಬೆಳಕು ಹೊರಟಾಗ ಬಾದಾಮಿಯಲ್ಲಿ ಚಾಲುಕ್ಯರು ಆಳುತ್ತಿದ್ದರು.

ಚಿಕ್ಕ ದೂರದರ್ಶಕದಿಂದ ನೋಡಿದರೆ ನೀಹಾರಿಕೆಯ ನಡುವೆ ನಾಲ್ಕು ನಕ್ಷತ್ರಗಳ ಗುಂಪು ಕಾಣುತ್ತದೆ. ಅವುಗಳಲ್ಲಿ ಅತಿ ಪ್ರಕಾಶವಾದುದು ಸೂರ್ಯನ ಮೂವತ್ತು ಪಾಲಿಗೂ ಮೇಲ್ಪಟ್ಟ ದ್ರವ್ಯವುಳ್ಳದ್ದು. ನೀಹಾರಿಕೆಯ ಹೊಳಪಿನ ಬಹುಭಾಗಕ್ಕೆ ಅದರ ಅತಿನೇರಳೆ ಕಿರಣವೇ ಕಾರಣ. ಅದರ ಸುತ್ತ ಎರಡು ಸಾವಿರಕ್ಕೂ ಹೆಚ್ಚು ಚಿಕ್ಕ ತಾರೆಗಳಿವೆ. ಆದರೆ ಈ ಹೊಳೆಯುವ ನೀಹಾರಿಕೆ ಮೇಲಿನ ಕೆನೆ ಮಾತ್ರ. ಅದರ ಹಿಂದೆ ನಿಜವಾದ ಕರಿಯ ಅಣುಮೋಡವಿದೆ. ಆ ಇಡೀ ಮೋಡದ ದ್ರವ್ಯ ಸೂರ್ಯನ ಸುಮಾರು ಒಂದು ಲಕ್ಷ ಪಾಲು.

1967ರಲ್ಲಿ ಬೆಕ್ಲಿನ್ ಮತ್ತು ನ್ಯೂಗೆಬವರ್ ಎಂಬ ಇಬ್ಬರು ಅವಕೆಂಪು ಕಿರಣಗಳಿಂದ ಆ ಮೋಡವನ್ನು ಪರೀಕ್ಷಿಸಿ, ಬೆಳಕಿನಲ್ಲಿ ಕಾಣದ, ಆದರೆ ಅವಕೆಂಪಿನಲ್ಲಿ ಚೆನ್ನಾಗಿ ಬೆಳಗುವ ಒಂದು ವಸ್ತುವನ್ನು ಕಂಡ ಸಂಗತಿಯನ್ನು ಪ್ರಕಟಿಸಿದರು. ಮೋಡದೊಳಗೆ ಹುದುಗಿದ್ದ ದೊಡ್ಡ ಎಳೆಯ ತಾರೆ ಅದು. ಅದರ ಪಕ್ಕದಲ್ಲಿ ಇನ್ನೂ ಆಳದಲ್ಲಿ ಅಡಗಿದ ಮತ್ತೊಂದು ಶಿಶುತಾರೆ ಇದೆ. ಅದರ ದ್ರವ್ಯ ಸೂರ್ಯನ ಸುಮಾರು 15 ಪಾಲು. ಅದರ ಸುತ್ತ ಅನಿಲದ ತಟ್ಟೆಯೊಂದು ತಿರುಗುತ್ತಿದೆ. ಆ ತಟ್ಟೆಯಲ್ಲಿ ನಮ್ಮ ಅಡಿಗೆಯ ಉಪ್ಪಿನ ಅಣುಗಳೇ ಅನಿಲರೂಪದಲ್ಲಿವೆ ಎಂಬುದು 2019ರಲ್ಲಿ ಪ್ರಕಟವಾಯಿತು. ಇದಿಷ್ಟೇ ಅಲ್ಲ. ನಾವು ಈಗ ನೋಡುತ್ತಿರುವ ದೃಶ್ಯಕ್ಕಿಂತ ಸುಮಾರು 500 ವರ್ಷ ಮೊದಲು ಅಲ್ಲಿ ಎಳೆಯ ತಾರೆಗಳು ಒಂದಕ್ಕೊಂದು ತೀರ ಸಮೀಪಕ್ಕೆ ಬಂದು ಸೆಣಸಿ, ದಿಕ್ಕಿಗೊಂದಾಗಿ ಹಾರಿವೆ. ಆಗ ಚಿಮ್ಮಿದ ಅನಿಲದ ಎಳೆಗಳು ಇನ್ನೂ ಎಲ್ಲ ಕಡೆಗೂ ಓಡುತ್ತಿರುವುದನ್ನು 2017ರಲ್ಲಿ ಬಂದ ಚಿತ್ರಗಳು ತೋರಿಸಿಕೊಟ್ಟುವು. ಮಹಾತಾರೆಗಳ ತೊಟ್ಟಿಲು ಪ್ರಶಾಂತವಾದ ಸ್ಥಳವಲ್ಲ.

ಎರಡು ತೊಡಕುಗಳು

ಈಗ ಮುಖ್ಯವಾದ ಪ್ರಶ್ನೆಗೆ ಬರೋಣ. 1902ರಲ್ಲಿ ಜೇಮ್ಸ್ ಜೀನ್ಸ್ ಎಂಬ ಆಂಗ್ಲ ವಿದ್ವಾಂಸನು ಮೋಡವು ಕುಸಿಯುವುದಕ್ಕೆ ಒಂದು ನಿಯಮವನ್ನು ತೋರಿಸಿಕೊಟ್ಟನು. ಅನಿಲದ ಶಾಖವು ಹೊರಕ್ಕೆ ತಳ್ಳುತ್ತದೆ, ಗುರುತ್ವವು ಒಳಕ್ಕೆ ಸೆಳೆಯುತ್ತದೆ. ಒಂದು ಮಿತಿಗಿಂತ ಹೆಚ್ಚು ದ್ರವ್ಯ ಒಂದೆಡೆ ಕೂಡಿದರೆ ಸೆಳೆತವು ಗೆಲ್ಲುತ್ತದೆ. ಚಳಿಯೂ ದಟ್ಟಣೆಯೂ ಹೆಚ್ಚಿದಷ್ಟೂ ಈ ಮಿತಿ ಚಿಕ್ಕದಾಗುತ್ತದೆ. ಅಣುಮೋಡದ ದಟ್ಟ ಭಾಗಗಳಿಗೆ ಈ ಲೆಕ್ಕವನ್ನು ಹಾಕಿದರೆ ಬರುವ ಉತ್ತರ ಸುಮಾರು ಒಂದು ಸೂರ್ಯನಷ್ಟು. ಸೂರ್ಯನು ಹುಟ್ಟಿದ ಬಗೆಗೆ ಇದು ಬಹಳ ಸೊಗಸಾದ ವಿವರಣೆ. ಆದರೆ ಮೂವತ್ತು ಸೂರ್ಯರಷ್ಟು ಅನಿಲವು ಒಂದೆಡೆ ಕೂಡಿದಾಗ ಅದು ಮೂವತ್ತು ಚೂರಾಗಿ ಒಡೆದು ಮೂವತ್ತು ಸಣ್ಣ ತಾರೆಗಳಾಗಬೇಕಷ್ಟೆ. ಅದೆಲ್ಲ ಒಂದೇ ತಾರೆಯಾಗುವುದು ಹೇಗೆ? ಇದು ಮೊದಲನೆಯ ತೊಡಕು.

ಎರಡನೆಯದು ಇನ್ನೂ ವಿಚಿತ್ರವಾದುದು. ಸಣ್ಣ ತಾರೆಯು ತನ್ನ ಊಟವನ್ನು ಮುಗಿಸಿದ ಮೇಲೆ ಒಲೆಯನ್ನು ಹೊತ್ತಿಸುತ್ತದೆ. ಅಂದರೆ ಸುತ್ತಲಿನ ಅನಿಲವೆಲ್ಲ ಬಂದು ಸೇರಿದ ಮೇಲೆ ಅದರ ಒಡಲಿನಲ್ಲಿ ಜಲಜನಕ ಉರಿಯತೊಡಗುತ್ತದೆ. ದೊಡ್ಡ ತಾರೆಗೆ ಅಷ್ಟು ತಾಳ್ಮೆಯಿಲ್ಲ. ಅನಿಲವು ಇನ್ನೂ ಬಂದು ಬೀಳುತ್ತಿರುವಾಗಲೇ ಒಳಗೆ ಬೆಂಕಿ ಹತ್ತಿಬಿಡುತ್ತದೆ. ಬೆಳಕಿಗೂ ತಳ್ಳುವ ಶಕ್ತಿಯುಂಟು. ಆ ಪ್ರಚಂಡವಾದ ಬೆಳಕು ಧೂಳನ್ನು ಹೊರಕ್ಕೆ ತಳ್ಳುತ್ತದೆ, ಧೂಳು ಅನಿಲವನ್ನು ತನ್ನೊಡನೆ ಎಳೆದೊಯ್ಯುತ್ತದೆ. 1974ರಲ್ಲಿ ಕಾನ್ ಎಂಬವನು ಲೆಕ್ಕ ಹಾಕಿ, ಎಲ್ಲ ದಿಕ್ಕಿನಿಂದಲೂ ಅನಿಲವು ಸಮವಾಗಿ ಬೀಳುವುದಾದರೆ ಸೂರ್ಯನ 40 ಪಾಲಿಗಿಂತ ದೊಡ್ಡ ತಾರೆ ಬೆಳೆಯಲಾರದೆಂದು ತೋರಿಸಿದನು. ಆದರೆ ಸೂರ್ಯನ 150 ಪಾಲಿಗೂ ಮಿಗಿಲಾದ ನಕ್ಷತ್ರ ನೆರೆಯ ನಕ್ಷತ್ರಲೋಕವೊಂದರಲ್ಲಿ ಇದೆ! ಲೆಕ್ಕ ಆಗದು ಎನ್ನುತ್ತದೆ, ಆಕಾಶ ಆಗಿದೆ ಎನ್ನುತ್ತದೆ. ಇಂಥಲ್ಲಿ ಸೋಲಬೇಕಾದುದು ಲೆಕ್ಕವೇ.

ಎರಡನೆಯ ತೊಡಕಿಗೆ ಪರಿಹಾರ ಬಹುಮಟ್ಟಿಗೆ ದೊರೆತಿದೆ. ಅನಿಲವು ನೇರವಾಗಿ ಬೀಳುವುದಿಲ್ಲ. ಮೋಡಕ್ಕೆ ಸ್ವಲ್ಪವಾದರೂ ಸುತ್ತುವ ಚಲನೆ ಇದ್ದೇ ಇರುತ್ತದೆ. ಅದು ಕುಗ್ಗಿದಂತೆಲ್ಲ ಸುತ್ತುವ ವೇಗ ಹೆಚ್ಚಿ, ಅನಿಲವು ಕುಂಬಾರನ ತಿಗರಿಯ ಹಾಗೆ ಚಪ್ಪಟೆಯಾದ ತಟ್ಟೆಯಾಗುತ್ತದೆ. ತಾರೆಯ ಬೆಳಕು ತಟ್ಟೆಯ ಮೇಲಕ್ಕೂ ಕೆಳಕ್ಕೂ ದಾರಿ ಮಾಡಿಕೊಂಡು ಹೊರಟುಹೋಗುತ್ತದೆ, ಅನಿಲವು ತಟ್ಟೆಯ ಅಂಚಿನಿಂದ ಒಳಕ್ಕೆ ಬರುತ್ತದೆ. 2002ರಿಂದ ಈಚೆಗೆ ಗಣಕಯಂತ್ರಗಳಿಂದ ಮಾಡಿದ ಲೆಕ್ಕಗಳು ಇದನ್ನು ಸಮರ್ಥಿಸಿವೆ. ಆಕಾಶದಲ್ಲಿಯೂ ಸಾಕ್ಷಿ ದೊರೆಯಿತು. 2015ರಲ್ಲಿ ಸೂರ್ಯನ ಸುಮಾರು 20 ಪಾಲು ಇರುವ ಒಂದು ಶಿಶುತಾರೆ ಇದ್ದಕ್ಕಿದ್ದಂತೆ ಪ್ರಜ್ವಲಿಸಿತು. ಅದರ ಸುಳಿವನ್ನು ಮೊದಲು ಕೊಟ್ಟದ್ದು ಮೇಲೆ ಹೇಳಿದ ಮೆಥನಾಲಿನ ಅಲೆ. ತಟ್ಟೆಯಿಂದ ದೊಡ್ಡ ತುತ್ತೊಂದು ಒಮ್ಮೆಗೇ ತಾರೆಯ ಮೇಲೆ ಬಿದ್ದುದೇ ಅದಕ್ಕೆ ಕಾರಣವೆಂದು ವಿದ್ವಾಂಸರು ನಿರ್ಧರಿಸಿದರು.

ಎರಡು ಪಕ್ಷಗಳು

ಮೊದಲನೆಯ ತೊಡಕಿನ ವಿಷಯದಲ್ಲಿ ಮಾತ್ರ ವಿದ್ವಾಂಸರು ಎರಡು ಪಕ್ಷವಾಗಿದ್ದಾರೆ. 2003ರಲ್ಲಿ ಮೆಕೀ ಮತ್ತು ಟಾನ್ ಎಂಬವರು ವಿವರವಾಗಿ ಪ್ರತಿಪಾದಿಸಿದ ಪಕ್ಷದಂತೆ, ಶಾಖವೊಂದೇ ಅನಿಲವನ್ನು ಹೊರಕ್ಕೆ ತಳ್ಳುವ ಶಕ್ತಿಯಲ್ಲ. ಮೋಡದೊಳಗಿನ ಅಲ್ಲೋಲಕಲ್ಲೋಲವೂ ಕಾಂತಬಲವೂ ಅದನ್ನು ಎತ್ತಿಹಿಡಿಯುತ್ತವೆ. ಆದುದರಿಂದ ಹತ್ತಾರು ಸೂರ್ಯರಷ್ಟು ಭಾರವಾದ ತಿರುಳೊಂದು ಒಡೆಯದೆ ಉಳಿದು, ಒಂದೇ ದೊಡ್ಡ ತಾರೆಯಾಗಬಲ್ಲದು. ಬಾನೆಲ್ ಮೊದಲಾದವರ ಪಕ್ಷದಂತೆ ಹಾಗಲ್ಲ. ಎಲ್ಲ ತಾರೆಗಳೂ ಸಣ್ಣ ತಿರುಳುಗಳಾಗಿಯೇ ಆರಂಭವಾಗುತ್ತವೆ. ಮೋಡದ ನಡುವಿನ ತಗ್ಗಿನಲ್ಲಿ ಇದ್ದುದಕ್ಕೆ ಸುತ್ತಲ ಅನಿಲವೆಲ್ಲ ಹರಿದುಬಂದು ಅದು ದೊಡ್ಡದಾಗುತ್ತದೆ. ಒಬ್ಬನು ತನ್ನ ಬುತ್ತಿಯನ್ನು ಮನೆಯಿಂದಲೇ ಕಟ್ಟಿಕೊಂಡು ಬರುತ್ತಾನೆ, ಮತ್ತೊಬ್ಬನು ಬರಿಗೈಯಲ್ಲಿ ಬಂದು ಪಂಕ್ತಿಯಲ್ಲಿ ಬಡಿಸುವವರಿಗೆ ಹತ್ತಿರದ ಎಲೆಯನ್ನು ಹಿಡಿಯುತ್ತಾನೆ. ಇಬ್ಬರಿಗೂ ಹೊಟ್ಟೆ ತುಂಬುತ್ತದೆ, ತುಂಬಿದ ಬಗೆ ಮಾತ್ರ ಬೇರೆ.

ಇವೆರಡರಲ್ಲಿ ಯಾವುದು ಸತ್ಯವೆಂದು ತಿಳಿಯಬೇಕಾದರೆ ಒಂದು ಪರೀಕ್ಷೆಯಿದೆ. ಇನ್ನೂ ತಾರೆ ಹುಟ್ಟದ, ಆದರೆ ದೊಡ್ಡ ತಾರೆಗೆ ಸಾಕಾಗುವಷ್ಟು ಭಾರವಾದ, ತಣ್ಣಗಿನ ತಿರುಳುಗಳು ಇವೆಯೇ? ಬುತ್ತಿಯವರ ಪಕ್ಷ ನಿಜವಾದರೆ ಅವು ಇರಬೇಕು. ಇದನ್ನು ಹುಡುಕುವುದಕ್ಕೆ ಮಹಾವ್ಯಾಧದಂಥ ಬೆಳಕಿನ ಸ್ಥಳ ಸಾಲದು, ದೊಡ್ಡ ತಾರೆ ಇನ್ನೂ ಕಣ್ಣುಬಿಡದ ಮೋಡ ಬೇಕು. ಅಂಥವು 1990ರ ದಶಕದಲ್ಲಿ ಉಪಗ್ರಹಗಳ ಸಹಾಯದಿಂದ ಸಿಕ್ಕಿದುವು. ಆಕಾಶಗಂಗೆಯ ಅವಕೆಂಪು ಬೆಳಕಿನ ಹಿನ್ನೆಲೆಯ ಮುಂದೆಯೂ ಕಪ್ಪಾಗಿಯೇ ಕಾಣುವಷ್ಟು ದಟ್ಟವಾದ ಮೋಡಗಳು ಇವು. ಹರ್ಷೆಲನ ಹೆಸರಿನಲ್ಲೇ 2009ರಿಂದ 2013ರವರೆಗೆ ಕೆಲಸ ಮಾಡಿದ ಅಂತರಿಕ್ಷ ದೂರದರ್ಶಕವು ಮೋಡಗಳೆಲ್ಲ ಉದ್ದನೆಯ ಎಳೆಗಳಿಂದ ಹೆಣೆದವೆಂದು ತೋರಿಸಿತು. ಎಳೆಗಳು ಕೂಡುವ ಗಂಟುಗಳಲ್ಲಿಯೇ ದೊಡ್ಡ ತಾರೆಗಳು ಹುಟ್ಟುವುದು ಹೆಚ್ಚು. ಚಿಲಿ ದೇಶದಲ್ಲಿ ಸುಮಾರು 5000 ಮೀಟರ್ ಎತ್ತರದ ಅಟಕಾಮ ಮರುಭೂಮಿಯಲ್ಲಿ 66 ಆಂಟೆನಾಗಳನ್ನು ಒಂದುಗೂಡಿಸಿ ಕಟ್ಟಿದ ಆಲ್ಮಾ ದೂರದರ್ಶಕವು ಈ ಗಂಟುಗಳ ಒಳಗನ್ನು ಬಿಡಿಸಿ ತೋರಿಸುತ್ತಿದೆ. 2019ರಲ್ಲಿ ಪ್ರಕಟವಾದ ಒಂದು ಪರಿಶೀಲನೆಯಲ್ಲಿ ಇಂಥ ಹನ್ನೆರಡು ತಣ್ಣಗಿನ ಹೆಪ್ಪುಗಳನ್ನು ನೋಡಿದರು. ಮುನ್ನೂರರ ಸಮೀಪದಷ್ಟು ತಿರುಳುಗಳು ಕಂಡುವು. ಆದರೆ ತಾರೆ ಹುಟ್ಟದೆಯೇ ಮೂವತ್ತು ಸೂರ್ಯರಷ್ಟು ಭಾರವಾಗಿದ್ದ ತಿರುಳು ಒಂದೂ ಸಿಕ್ಕಲಿಲ್ಲ.

ಇದರಿಂದ ಪಂಕ್ತಿಯವರ ಪಕ್ಷವೇ ಗೆದ್ದಿತೆಂದು ಹೇಳುವುದು ಅವಸರವಾದೀತು. ಭಾರವಾದ ತಿರುಳು ಇದ್ದರೂ ಬೇಗನೆ ಕುಸಿದುಬಿಡುವುದರಿಂದ ನಮ್ಮ ಕಣ್ಣಿಗೆ ಸಿಕ್ಕದೆ ಹೋಗಬಹುದು. ಕಾಂತಬಲದ ಪಾಲೆಷ್ಟು ಎಂಬ ಪ್ರಶ್ನೆಯೂ ಪೂರ್ತಿಯಾಗಿ ತೀರಿಲ್ಲ. ಆ ಬಲವನ್ನು ಅಂದಾಜು ಮಾಡಲು ಇಂದಿಗೂ ಬಳಸುವ ಒಂದು ಮಾರ್ಗವನ್ನು 1953ರಲ್ಲಿ ಫರ್ಮಿಯೊಡನೆ ತೋರಿಸಿಕೊಟ್ಟವರು ಅಂದಿನ ಅವಿಭಜಿತ ಭಾರತದಲ್ಲಿ ಹುಟ್ಟಿ ಮದರಾಸಿನಲ್ಲಿ ಓದಿದ ಸುಬ್ರಹ್ಮಣ್ಯನ್ ಚಂದ್ರಶೇಖರ್ ಅವರು. ಸದ್ಯಕ್ಕೆ ದೊರೆತಿರುವ ಸಾಕ್ಷ್ಯವು, ತಾರೆಯೂ ಅದರ ತಿರುಳೂ ತಿರುಳನ್ನು ಉಣಿಸುವ ಎಳೆಗಳೂ ಒಟ್ಟಿಗೇ ಬೆಳೆಯುತ್ತವೆ ಎಂಬ ಕಡೆಗೆ ವಾಲುತ್ತಿದೆ ಎಂದು ನನಗೆ ತೋರುತ್ತದೆ.

ನಮ್ಮ ದೇಶದಲ್ಲಿ

ಈ ಅಭ್ಯಾಸದಲ್ಲಿ ನಮ್ಮವರೂ ಹಿಂದೆ ಬಿದ್ದವರಲ್ಲ. ಮುಂಬಯಿಯ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯವರು ಒಂದು ಮೀಟರ್ ವ್ಯಾಸದ ದೂರದರ್ಶಕವನ್ನು ದೊಡ್ಡ ಬೆಲೂನಿಗೆ ಕಟ್ಟಿ ಹೈದರಾಬಾದಿನಿಂದ ಮೇಲಕ್ಕೆ ಹಾರಿಸಿ, ಮಹಾತಾರೆಗಳು ಹುಟ್ಟುವ ಮೋಡಗಳ ಧೂಳಿನ ಬಿಸಿಯನ್ನು ಅಳೆದರು. ಬೆಂಗಳೂರಿನ ರಾಮನ್ ಸಂಶೋಧನಾ ಸಂಸ್ಥೆಯಲ್ಲಿ ಮಿಲಿಮೀಟರ್ ಅಲೆಗಳಿಗಾಗಿ 10.4 ಮೀಟರ್ ವ್ಯಾಸದ ದೂರದರ್ಶಕವನ್ನು ಕಟ್ಟಿದ್ದರು. ಪುಣೆಯ ಉತ್ತರಕ್ಕಿರುವ ಖೋಡದ್ ಎಂಬ ಹಳ್ಳಿಯ ಸುತ್ತಿನಲ್ಲಿ 45 ಮೀಟರ್ ವ್ಯಾಸದ 30 ಆಂಟೆನಾಗಳಿವೆ. ದೊಡ್ಡ ತಾರೆಯು ಕಣ್ಣುಬಿಟ್ಟ ಮೇಲೆ ಸುತ್ತಲಿನ ಜಲಜನಕವನ್ನು ಹೇಗೆ ಒಡೆದು ಕಾಯಿಸುತ್ತದೆ ಎಂಬುದನ್ನು ಅವುಗಳಿಂದ ನೋಡುತ್ತಾರೆ.

ಉಪಸಂಹಾರ

ಹುಟ್ಟಿದ ದೊಡ್ಡ ತಾರೆಯು ಮೊದಲು ಮಾಡುವ ಕೆಲಸವೆಂದರೆ ತನ್ನನ್ನು ಹೆತ್ತ ಮೋಡವನ್ನು ಕರಗಿಸುವುದು. ಅದರ ಕಿರಣವೂ ಗಾಳಿಯೂ ಅನಿಲವನ್ನು ಅಟ್ಟಿಬಿಡುತ್ತವೆ. ಮೋಡದ ದ್ರವ್ಯದಲ್ಲಿ ನೂರಕ್ಕೆ ಕೆಲವೇ ಪಾಲು ಮಾತ್ರ ತಾರೆಯಾಗಿ, ಉಳಿದುದೆಲ್ಲ ಮತ್ತೆ ಆಕಾಶಕ್ಕೆ ಹೋಗುತ್ತದೆ. ಇದನ್ನು ನಷ್ಟವೆಂದು ಎಣಿಸಬೇಕಾಗಿಲ್ಲ. ಮೋಡವೆಲ್ಲ ಒಮ್ಮೆಗೇ ತಾರೆಗಳಾಗಿಬಿಟ್ಟಿದ್ದರೆ ನಮ್ಮ ಆಕಾಶಗಂಗೆಯ ಅನಿಲ ಎಂದೋ ಮುಗಿದು, 460 ಕೋಟಿ ವರ್ಷಗಳ ಹಿಂದೆ ಸೂರ್ಯನು ಹುಟ್ಟುವುದಕ್ಕೆ ಸಾಮಗ್ರಿಯೇ ಉಳಿಯುತ್ತಿರಲಿಲ್ಲ. ಮಹಾತಾರೆಗಳು ಮೋಡವನ್ನು ಚದುರಿಸಿದುದರಿಂದ ಸಾಮಗ್ರಿ ಉಳಿಯಿತು, ಸಿಡಿದುದರಿಂದ ಅದರಲ್ಲಿ ಆಮ್ಲಜನಕ ಬೆರೆಯಿತು.

ದೊಡ್ಡ ತಾರೆ ಹೇಗೆ ಬೆಳೆಯುತ್ತದೆ ಎಂಬ ಪ್ರಶ್ನೆಗೆ ಪೂರ್ಣವಾದ ಉತ್ತರ ಇನ್ನೂ ಬರಬೇಕಾಗಿದೆ. ಹರ್ಷೆಲನು ರಂಧ್ರವೆಂದುಕೊಂಡುದನ್ನು ಬರ್ನಾರ್ಡನು ಮೋಡವೆಂದನು, ಪೆನ್ಜಿಯಾಸ್ ಮತ್ತು ಅವನ ಸಂಗಡಿಗರು ಆ ಮೋಡವನ್ನು ಮಾತನಾಡಿಸಿದರು. ಮಾತು ಇನ್ನೂ ಮುಗಿದಿಲ್ಲ. ಪಠ್ಯಪುಸ್ತಕಗಳಲ್ಲಿ ಮುಗಿದುಹೋದ ವಿಷಯಗಳನ್ನೇ ಓದಿ ಅಭ್ಯಾಸವಾಗಿರುವ ನಮ್ಮಂಥ ವಿದ್ಯಾರ್ಥಿಗಳು ಹೀಗೆ ಮುಗಿಯದಿರುವ ವಿಷಯವೊಂದನ್ನೂ ಆಗಾಗ ಪರಿಚಯ ಮಾಡಿಕೊಳ್ಳುವುದು ಒಳ್ಳೆಯದು. ನಡುಪಟ್ಟಿಯ ದಕ್ಷಿಣಕ್ಕಿರುವ ಆ ಮಸುಕು ಚುಕ್ಕೆಯನ್ನು ಈ ಚಳಿಗಾಲದಲ್ಲಿ ಸಹಪಾಠಿಗಳು ಒಮ್ಮೆಯಾದರೂ ನೋಡಲಿ ಎಂದು ಕೇಳಿಕೊಳ್ಳುತ್ತೇನೆ.